ಆಗ ಯಾಕೆ ಹೇಳಲಿಲ್ಲ ಎಂದು ಕೇಳುವ ಮುಂಚೆ

ಪುಟ್ಟಾ, ಹತ್ತು ವರ್ಷ ಸುಮ್ಮನಿದ್ದವನು ಈಗೇಕೆ ಬಾಯಿ ಬಿಟ್ಟ ಎಂದು ಕೇಳಿದೆಯಲ್ಲ, ಅದಕ್ಕೇ ಈ ನಾಲ್ಕು ಮಾತು.

ಅಕೀಂ ಅಲಿಯು ನೈಜೀರಿಯಾದಲ್ಲಿ ಹುಟ್ಟಿ, ಉಕ್ರೇನಿನಲ್ಲಿ ಬೆಳೆದು, ಕೆನಡಾಕ್ಕೆ ಬಂದು ಐಸ್ ಹಾಕಿ ಹಿಡಿದ ಹುಡುಗ. 2009-10ರಲ್ಲಿ ಅಮೆರಿಕದ ರಾಕ್‌ಫರ್ಡ್ ತಂಡದಲ್ಲಿದ್ದಾಗ ಅವನಿಗೆ ಇಪ್ಪತ್ತರ ವಯಸ್ಸು. ಡ್ರೆಸ್ಸಿಂಗ್ ರೂಮಿನಲ್ಲಿ ಹಾಕಿದ್ದ ಹಾಡಿನ ನೆಪದಲ್ಲಿ ಕೋಚ್ ಬಿಲ್ ಪೀಟರ್ಸ್ ಕಪ್ಪು ಜನರನ್ನು ಹಳಿಯುವ ಹೊಲಸು ಪದ ಬಳಸಿ ಬೈದ. ಹುಡುಗ ತಿರುಗಿಬಿದ್ದ. ಆಮೇಲೆ ಕೆಳಗಿನ ಲೀಗಿಗೆ ಇಳಿಯಬೇಕಾಯಿತು; ಕೋಚ್ ಮೇಲಿನವರಿಗೆ ಪತ್ರ ಬರೆದದ್ದೇ ಕಾರಣ ಎಂಬುದು ಅವನ ಆರೋಪ. ಎನ್‌ಎಚ್‌ಎಲ್‌ನಲ್ಲಿ ಅಂದರೆ ಅಲ್ಲಿನ ಅತಿ ದೊಡ್ಡ ಐಸ್ ಹಾಕಿ ಲೀಗಿನಲ್ಲಿ ಅವನಿಗೆ ಕೊನೆಗೆ ದಕ್ಕಿದ್ದು 7 ಪಂದ್ಯ.

ಅವನು ಯಾರ ಹತ್ತಿರ ದೂರಬೇಕಿತ್ತು, ಹೇಳು? ಆಡಿಸುವವನೂ ಕೋಚ್, ಕೂರಿಸುವವನೂ ಕೋಚ್. ಹುಡುಗ ಹೇಗೆ ಎಂದು ಬೇರೆ ತಂಡದವರು ವಿಚಾರಿಸುವುದೂ ಅವನನ್ನೇ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

2019ರ ನವೆಂಬರಿನಲ್ಲಿ ಅಲಿಯು ಟ್ವಿಟರ್‌ನಲ್ಲಿ ಇದನ್ನೆಲ್ಲ ಬರೆದಾಗ ಪೀಟರ್ಸ್ ಕ್ಯಾಲ್ಗರಿ ಫ್ಲೇಮ್ಸ್ ತಂಡದ ಕೋಚ್. ಹಳೆಯ ತಂಡದ ಇಬ್ಬರು ಆಟಗಾರರು ಇದು ನಿಜವೆಂದರು. 29ಕ್ಕೆ ಪೀಟರ್ಸ್ ರಾಜೀನಾಮೆ ಕೊಟ್ಟ. ಕ್ಷಮೆಯ ಪತ್ರವನ್ನೇನೋ ಬರೆದ, ಆದರೆ ತಂಡದ ಮ್ಯಾನೇಜರಿಗೆ! ಬೈಸಿಕೊಂಡವನ ಹೆಸರೇ ಅದರಲ್ಲಿಲ್ಲ. ನನಗಂತೂ ಬೈಗುಳಕ್ಕಿಂತ ಈ ಪತ್ರವೇ ಹೆಚ್ಚು ಕೆಡುಕೆನಿಸಿತು.

ನಮ್ಮಲ್ಲಿ ಇದೆಲ್ಲ ಇಲ್ಲ ಅಂದುಕೊಳ್ಳಬೇಡ. 1997ರಲ್ಲಿ ಭಾರತಕ್ಕೆ ಕ್ರಿಕೆಟ್ ಆಡಿದ ನಮ್ಮ ದೊಡ್ಡ ಗಣೇಶ್, ಆಡುವ ಕಾಲದಲ್ಲಿ ಮೈಬಣ್ಣದ ಹೀಯಾಳಿಕೆ ಅನುಭವಿಸಿದ್ದನ್ನು ಹೇಳಿಕೊಂಡದ್ದು 2020ರಲ್ಲಿ. ಅಲ್ಲಿ ಕೋಚ್ ಮಾತಿಲ್ಲ, ನಿಜ. ಆದರೆ 'ಕರಿಯಾ' ಎಂದು ಕೂಗಿ ತಮಾಷೆ ಎನ್ನುವುದು ನಮಗೆ ಎಷ್ಟು ಸಲೀಸು!

ನಾನು ಯೋಚಿಸುವುದು ಅಲಿಯು ಹೇಳಿದ್ದು ನಿಜವೆಂದ ಆ ಇಬ್ಬರು ಆಟಗಾರರ ಬಗ್ಗೆ. ಅವರ ಸಾಕ್ಷಿಯಿಂದಲೇ ಅಲಿಯು ಮಾತಿಗೆ ತೂಕ ಬಂತು. ಅದು ಹತ್ತು ವರ್ಷ ಮೊದಲೇ ಸಿಕ್ಕಿದ್ದರೆ ಅವನ ಆಟ ಉಳಿಯುತ್ತಿತ್ತೇನೋ. ನಾಳೆ ನಿನ್ನ ಕೋಚ್ ಯಾರನ್ನಾದರೂ ಬಣ್ಣ, ಜಾತಿ, ಊರು ಹಿಡಿದು ಹಂಗಿಸಿದರೆ ಉಳಿದವರ ಜೊತೆ ಸೇರಿ ನಗಬೇಡ. ಅವತ್ತೇ ಆ ಹುಡುಗನ ಪಕ್ಕ ಕೂತು ನಾನೂ ಕೇಳಿಸಿಕೊಂಡೆ ಅನ್ನು. ತಾರೀಖು, ಆಡಿದ ಮಾತು, ಅಲ್ಲಿದ್ದವರ ಹೆಸರು ಬರೆದಿಡು, ಮನೆಯಲ್ಲೂ ಹೇಳು. ಅವನು ದೂರು ಕೊಡಲು ಹೊರಟರೆ ಜೊತೆಗೆ ಹೋಗು.