ಎಳ್ಳಮಾಸಿಯ ಫೋಟೊ ಯಾವ ವರ್ಷದ್ದು?

ಪ್ರಶ್ನೆ: ನನ್ನ ತವರು ಇಂಡಿ ಕಡೆ, ಗಂಡನ ಮನೆ ಬಸವನ ಬಾಗೇವಾಡಿ ಕಡೆ. ಒಬ್ಬ ಮಗಳನ್ನು ಸಿಂದಗಿಗೆ, ಇನ್ನೊಬ್ಬಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದೇವೆ. ನಾಲ್ಕೂ ಮನೆಗಳ ಮದುವೆ, ಜಾತ್ರೆ, ಎಳ್ಳಮಾಸಿಯ ಫೋಟೊಗಳು ನನ್ನ ಹತ್ತಿರ ಸೇರಿಕೊಂಡಿವೆ. ಕೆಲವು ಫೋನಿನವು, ಕೆಲವು ವಾಟ್ಸ್‌ಆ್ಯಪ್‌ನಲ್ಲಿ ಬಂದವು, ಕೆಲವು ಸ್ಟುಡಿಯೊದವರು ಪೆನ್‌ಡ್ರೈವ್‌ನಲ್ಲಿ ಕೊಟ್ಟವು, ಹಳೆಯವನ್ನು ಸ್ಕ್ಯಾನ್ ಮಾಡಿಸಿದ್ದೇವೆ. ತಾಲ್ಲೂಕಿಗೊಂದು ಫೋಲ್ಡರ್ ಮಾಡಿ ಇಟ್ಟೆ. ಟಿವಿಗೆ ಹಾಕಿದರೆ ಬೀಗರ ಊಟ ಮೊದಲು ಬಂದು ಅರಿಷಿಣ ಆಮೇಲೆ ಬರುತ್ತದೆ. ತೀರಿಕೊಂಡ ಮಾವನವರ ಫೋಟೊ ಈ ವರ್ಷದ ಫೋಟೊಗಳ ನಡುವೆ ಬಂದು ಕೂಡುತ್ತದೆ. ಸರಿಯಾದ ಸರದಿಯಲ್ಲಿ ಇಡುವುದು ಹೇಗೆ?

ಉತ್ತರ: ಮೊದಲು ಆ ತಾಲ್ಲೂಕಿನ ಫೋಲ್ಡರ್‌ಗಳ ಮಾತು. ನೀವು ಹೆಸರಿಸಿದ ನಾಲ್ಕೂ ತಾಲ್ಲೂಕುಗಳು ಈಚಿನ ವರ್ಷಗಳಲ್ಲಿ ಒಡೆದಿವೆ. ಇಂಡಿಯಿಂದ ಚಡಚಣ ಬೇರೆಯಾಯಿತು. ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಹೊರಬಂದವು. ಹಲಸಂಗಿಯಲ್ಲಿ ತೆಗೆದ ಹಳೆಯ ಫೋಟೊವನ್ನು ಇಂಡಿಯ ಫೋಲ್ಡರ್‌ನಲ್ಲಿ ಇಡುತ್ತೀರೋ, ಚಡಚಣದ್ದರಲ್ಲೋ? ಆಲಮಟ್ಟಿಗೆ ಹೋಗಿ ಬಂದದ್ದು ಬಾಗೇವಾಡಿಗೋ, ನಿಡಗುಂದಿಗೋ? ಜಿಲ್ಲೆಯ ಹೆಸರಿಗೂ ಇದೇ ತೊಡಕು. 1997ರ ತನಕ ಬಾಗಲಕೋಟೆಯೂ ಬಿಜಾಪುರ ಜಿಲ್ಲೆಯದೇ ಆಗಿತ್ತು, 2014ರ ನವೆಂಬರ್ 1ರಿಂದ ಬಿಜಾಪುರವೇ ವಿಜಯಪುರ. ಗಡಿಯೂ ಹೆಸರೂ ಬದಲಾಗುತ್ತಲೇ ಇರುವಾಗ ಅವುಗಳ ಮೇಲೆ ಸರದಿ ಕಟ್ಟಿದರೆ ಅದು ನಿಲ್ಲುವುದಿಲ್ಲ. ಫೋಟೊ ತೆಗೆದ ಗಳಿಗೆ ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಸರದಿ ಕಾಲದ್ದಿರಲಿ. ಊರು, ಮನೆತನ, ಜನರ ಹೆಸರುಗಳನ್ನು ಫೋಟೊದ ಮಾಹಿತಿಯಾಗಿ ಬರೆದಿಡಿ.

ಕಾಲವನ್ನು ಎಲ್ಲಿ ಬರೆಯಬೇಕು ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಪಾಠವಿದೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ವಚನಗಳ ತಾಳೆಗರಿ ಕಟ್ಟುಗಳನ್ನು ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ತಾಳೆಗರಿಗಳನ್ನು ಕಟ್ಟಿದ ದಾರ ನೂರಾರು ವರ್ಷ ಬಾಳುವುದಿಲ್ಲ. ಅದನ್ನು ಬಲ್ಲ ಲಿಪಿಕಾರರು ಗರಿಯ ಅಂಚಿನಲ್ಲೇ ಅದರ ಸಂಖ್ಯೆ ಬರೆಯುತ್ತಿದ್ದರು. ದಾರ ಹರಿದು ಗರಿಗಳು ಚೆಲ್ಲಾಪಿಲ್ಲಿಯಾದರೂ ಓದುಬಲ್ಲವರು ಮತ್ತೆ ಜೋಡಿಸಬಹುದಿತ್ತು. ಫೋಲ್ಡರ್ ಎಂಬುದು ಆ ದಾರ. ಫೋನು ಬದಲಾದಾಗ, ಪೆನ್‌ಡ್ರೈವ್ ಕೈಬದಲಾದಾಗ ಅದು ಹರಿಯುತ್ತದೆ. ಸರದಿ ಪ್ರತಿ ಫೋಟೊದ ಮೈಮೇಲೇ ಇರಬೇಕು.

ಡಿಜಿಟಲ್ ಫೋಟೊದಲ್ಲಿ ಅಂಥ ಜಾಗ ಇದ್ದೇ ಇದೆ. ಅದರ ಹೆಸರು ಎಕ್ಸಿಫ್. 1995ರಲ್ಲಿ ಜಪಾನಿನಲ್ಲಿ ರೂಪಿಸಿದ ಪದ್ಧತಿ ಅದು. ಕ್ಯಾಮೆರಾ ಅಥವಾ ಫೋನು ಫೋಟೊ ತೆಗೆದ ಕೂಡಲೇ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡುಗಳನ್ನು ಫೈಲಿನೊಳಗೇ ಬರೆಯುತ್ತದೆ. ಇದಲ್ಲದೆ ಫೈಲು ಕಂಪ್ಯೂಟರಿಗೆ ಬಂದ ದಿನ, ಕೊನೆಯ ಸಲ ಬದಲಾದ ದಿನ ಎಂಬ ಬೇರೆ ಎರಡು ತಾರೀಖುಗಳೂ ಇರುತ್ತವೆ. ನಿಮ್ಮ ಮಾವನವರ ಫೋಟೊ ಈ ವರ್ಷಕ್ಕೆ ಬಂದು ಕೂತದ್ದು ಇದರಿಂದಲೇ. ಸ್ಕ್ಯಾನ್ ಮಾಡಿದ ದಿನವನ್ನೇ ಯಂತ್ರ ಫೋಟೊ ಹುಟ್ಟಿದ ದಿನ ಎಂದುಕೊಂಡಿದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಫೋಟೊದ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್ ಎಂಬಲ್ಲಿ ‘ಡೇಟ್ ಟೇಕನ್’ ನೋಡಿ. ನಂಬಬೇಕಾದ್ದು ಅದನ್ನು. ತಪ್ಪಿದ್ದರೆ ಅಲ್ಲಿಯೇ ತಿದ್ದಬಹುದು. ನೂರಾರು ಫೋಟೊಗಳನ್ನು ಒಟ್ಟಿಗೆ ತಿದ್ದಲು ಡಿಜಿಕ್ಯಾಮ್, ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶಗಳಿವೆ. ಕಂಪ್ಯೂಟರ್ ಕಲಿತ ಮೊಮ್ಮಕ್ಕಳು ಮನೆಯಲ್ಲಿದ್ದರೆ ಅವರಿಗೆ ಇದು ಒಂದು ಸಂಜೆಯ ಕೆಲಸ.

ವಾಟ್ಸ್‌ಆ್ಯಪ್ ಫೋಟೊಗಳ ಕಥೆ ಬೇರೆ. ಕಳಿಸುವಾಗ ವಾಟ್ಸ್‌ಆ್ಯಪ್ ಫೋಟೊವನ್ನು ಚಿಕ್ಕದು ಮಾಡಿ, ಒಳಗಿನ ಎಕ್ಸಿಫ್ ಮಾಹಿತಿಯನ್ನು ತೆಗೆದುಹಾಕುತ್ತದೆ. ಉಳಿಯುವುದು ಫೈಲಿನ ಹೆಸರಿನಲ್ಲಿರುವ 20240111 ಎಂಬಂಥ ಅಂಕಿ ಮಾತ್ರ. ಅದು ಫೋಟೊ ನಿಮ್ಮ ಫೋನಿಗೆ ಬಂದ ದಿನ, ತೆಗೆದ ದಿನವಲ್ಲ. ಮಗಳು ಎಳ್ಳಮಾಸಿಯ ಫೋಟೊವನ್ನು ಸಂಕ್ರಮಣಕ್ಕೆ ಕಳಿಸಿದರೆ ಅದು ಸಂಕ್ರಮಣದ್ದೇ ಆಗಿಬಿಡುತ್ತದೆ. ಇನ್ನು ಮುಂದೆ ಮುಖ್ಯವಾದ ಫೋಟೊಗಳನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಹಾಗೆ ಬಂದರೆ ಮೂಲ ಫೈಲು, ಮೂಲ ತಾರೀಖು, ಮೂಲ ಗಾತ್ರ ಎಲ್ಲವೂ ಉಳಿಯುತ್ತವೆ. ಈಗಾಗಲೇ ಬಂದಿರುವವುಗಳ ಪೈಕಿ ಬೇಕಾದವನ್ನು ತೆಗೆದವರ ಫೋನಿನಿಂದಲೇ ಇನ್ನೊಮ್ಮೆ ತರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಬೀಗರ ಊಟ ಮೊದಲು ಬಂದ ಮದುವೆ. ಕ್ಯಾಮೆರಾಗಳು ಫೋಟೊಗಳಿಗೆ ನಾಲ್ಕಂಕಿಯ ಸಂಖ್ಯೆ ಕೊಡುತ್ತವೆ. 9999 ಮುಗಿದರೆ ಮತ್ತೆ 0001. ನಿಮ್ಮ ಮಗಳ ಅರಿಷಿಣದ ಹೊತ್ತಿಗೆ ಆ ಸ್ಟುಡಿಯೊದ ಕ್ಯಾಮೆರಾ 9600ರ ಆಸುಪಾಸಿನಲ್ಲಿದ್ದರೆ, ಅಕ್ಕಿಕಾಳು ಬೀಳುವ ಹೊತ್ತಿಗೆ ಅದು 0001ಕ್ಕೆ ಮರಳಿರುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಸುರಿದು ಹೆಸರಿನ ಪ್ರಕಾರ ತೋರಿಸು ಎಂದರೆ ಮದುವೆ ನಡುವಿನಿಂದ ಶುರುವಾಗಿ ಸುರಗಿ, ಅರಿಷಿಣದಲ್ಲಿ ಮುಗಿಯುತ್ತದೆ. ಅದನ್ನು ತೆಗೆದ ದಿನದ ಪ್ರಕಾರ ಜೋಡಿಸಿದರೆ ಸರಿಹೋಗುತ್ತದೆ.

ಇಬ್ಬರು ಫೋಟೊಗ್ರಾಫರ್‌ಗಳು ಇದ್ದರೆ ಅಷ್ಟು ಸಾಲದು. ಎರಡು ಕ್ಯಾಮೆರಾಗಳ ಗಡಿಯಾರಗಳು ಒಂದಕ್ಕೊಂದು ಹೊಂದಿರುವುದೇ ಅಪರೂಪ. ಒಂದು ಹನ್ನೆರಡು ನಿಮಿಷ ಮುಂದೆ ಇದ್ದರೆ, ತಾಳಿ ಕಟ್ಟುವ ಒಂದೇ ಗಳಿಗೆ ಆಲ್ಬಮ್‌ನಲ್ಲಿ ಎರಡು ಸಲ ಬರುತ್ತದೆ, ನಡುವೆ ಬೇರೆ ಫೋಟೊಗಳು ತುಂಬಿಕೊಳ್ಳುತ್ತವೆ. ಇದಕ್ಕೆ ಪರಿಹಾರ ಸುಲಭ. ಎರಡೂ ಕ್ಯಾಮೆರಾಗಳಲ್ಲಿ ಸಿಕ್ಕಿರುವ ಒಂದು ಗಳಿಗೆಯನ್ನು ಹುಡುಕಿ. ತಾಳಿಯ ಗಂಟು ಅಥವಾ ಮೊದಲ ಅಕ್ಕಿಕಾಳು ಇದಕ್ಕೆ ಚೆನ್ನಾಗಿ ಒದಗುತ್ತದೆ. ಎರಡರ ಹೊತ್ತಿನ ವ್ಯತ್ಯಾಸ ಲೆಕ್ಕಹಾಕಿ, ಒಂದು ಕ್ಯಾಮೆರಾದ ಎಲ್ಲ ಫೋಟೊಗಳನ್ನೂ ಅಷ್ಟೇ ನಿಮಿಷ ಹಿಂದಕ್ಕೋ ಮುಂದಕ್ಕೋ ಸರಿಸಿ. ಮೇಲೆ ಹೇಳಿದ ತಂತ್ರಾಂಶಗಳು ಇದನ್ನು ಒಂದೇ ಏಟಿಗೆ ಮಾಡುತ್ತವೆ. ಬ್ಯಾಟರಿ ತೆಗೆದಿಟ್ಟು ಗಡಿಯಾರ ತಪ್ಪಿದ ಹಳೆಯ ಕ್ಯಾಮೆರಾದ ಫೋಟೊಗಳಿಗೂ ಇದೇ ಉಪಾಯ. ಒಂದರ ನಿಜವಾದ ದಿನ ಗೊತ್ತಾದರೆ ಆ ಸರಣಿಯ ಉಳಿದವೆಲ್ಲ ತಾವಾಗಿ ಸರಿಹೋಗುತ್ತವೆ.

ತಾರೀಖು ಸರಿಯಾದ ಮೇಲೆ ಅದನ್ನು ಫೈಲಿನ ಹೆಸರಿಗೂ ತನ್ನಿ. ಪೆನ್‌ಡ್ರೈವ್ ಚುಚ್ಚಿದಾಗ ಎಷ್ಟೋ ಟಿವಿಗಳು ಎಕ್ಸಿಫ್ ನೋಡುವುದೇ ಇಲ್ಲ, ಹೆಸರಿನ ಸರದಿಯಲ್ಲೇ ತೋರಿಸುತ್ತವೆ. ಹೆಸರು ವರ್ಷದಿಂದ ಶುರುವಾಗಲಿ: 2024-01-11. ಆಮೇಲೆ ಬೇಕಿದ್ದರೆ ಹೊತ್ತು, ಆಮೇಲೆ ಕನ್ನಡದಲ್ಲಿ ಊರು ಮತ್ತು ಸಂದರ್ಭ. ನಾವು ದಿನ ಮೊದಲು ಬರೆದು ರೂಢಿಯಾದವರು. ಹಾಗೆ 11-01-2024 ಎಂದಿಟ್ಟರೆ ಎಲ್ಲ ವರ್ಷ, ಎಲ್ಲ ತಿಂಗಳುಗಳ ಹನ್ನೊಂದನೇ ತಾರೀಖುಗಳು ಒಂದೆಡೆ ಗುಂಪಾಗುತ್ತವೆ. ವರ್ಷ ಮೊದಲು ಬರೆಯುವ ಕ್ರಮ 1988ರಿಂದ ಅಂತರರಾಷ್ಟ್ರೀಯ ಮಾನಕವಾಗಿದೆ. ತಿಂಗಳನ್ನು ಅಕ್ಷರದಲ್ಲಿ ಬರೆಯಬೇಡಿ. ಕನ್ನಡ ಅಕ್ಷರಮಾಲೆಯಲ್ಲಿ ಅಕ್ಟೋಬರ್ ಮೊದಲು ಬರುತ್ತದೆ, ಆಮೇಲೆ ಆಗಸ್ಟ್, ಏಪ್ರಿಲ್, ಜನವರಿ, ಜುಲೈ, ಜೂನ್, ಕೊನೆಗೆ ಸೆಪ್ಟೆಂಬರ್. ಒಂದಂಕಿಯ ತಿಂಗಳು, ದಿನಗಳ ಹಿಂದೆ ಸೊನ್ನೆ ಬಿಡಬೇಡಿ. ಸೊನ್ನೆಯಿಲ್ಲದಿದ್ದರೆ ಕೆಲವು ಯಂತ್ರಗಳು 1, 10, 11, 12, 2 ಎಂದು ಎಣಿಸುತ್ತವೆ.

ಎಳ್ಳಮಾಸಿಯನ್ನು ನೀವೇ ಹೆಸರಿಸಿದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಳಿಜೋಳದ ಹೊಲದಲ್ಲಿ ಚರಗ ಚೆಲ್ಲಿ, ಬುತ್ತಿ ಬಿಚ್ಚಿ ಎಲ್ಲರೂ ಕೂತ ಫೋಟೊಗಳು ನಮ್ಮ ಭಾಗದ ಎಲ್ಲ ಮನೆಗಳಲ್ಲೂ ಇವೆ. ವರ್ಷಕ್ಕೊಂದು ಎಳ್ಳಮಾಸಿ ಎಂದುಕೊಂಡು ‘ಎಳ್ಳಮಾಸಿ 2023’, ‘ಎಳ್ಳಮಾಸಿ 2024’ ಎಂದು ಆಲ್ಬಮ್ ಮಾಡುತ್ತೇವೆ. ಆದರೆ ಮಾರ್ಗಶಿರದ ಅಮಾವಾಸ್ಯೆ ಡಿಸೆಂಬರ್ ಮತ್ತು ಜನವರಿಯ ನಡುವೆ ಹೊಯ್ದಾಡುತ್ತದೆ. 2022ರಲ್ಲಿ ಅದು ಡಿಸೆಂಬರ್ 23ಕ್ಕೆ ಬಂತು. ಮರುವರ್ಷ ಅಧಿಕ ಶ್ರಾವಣ ಬಂದು ಹಬ್ಬಗಳೆಲ್ಲ ಮುಂದಕ್ಕೆ ಹೋದವು, ಎಳ್ಳಮಾಸಿ 2024ರ ಜನವರಿ 11ಕ್ಕೆ ಬಿತ್ತು. ಅದರ ಮುಂದಿನದು 2024ರ ಡಿಸೆಂಬರ್ 30ಕ್ಕೆ. ಅಂದರೆ ಇಂಗ್ಲಿಷ್ ಕ್ಯಾಲೆಂಡರಿನ 2023ರಲ್ಲಿ ಎಳ್ಳಮಾಸಿಯೇ ಇಲ್ಲ, 2024ರಲ್ಲಿ ಎರಡಿವೆ! ವರ್ಷದ ಹೆಸರಿನಲ್ಲಷ್ಟೇ ಇಟ್ಟವರ ಮನೆಯಲ್ಲಿ ಎರಡು ಹಬ್ಬದ ಜನ ಒಂದೇ ಹೊಲದಲ್ಲಿ ಕಲಸಿಹೋಗಿರುತ್ತಾರೆ. ಕಾರಹುಣ್ಣಿಮೆ, ಸೀಗಿ ಹುಣ್ಣಿಮೆ, ಬಾಗೇವಾಡಿಯ ಶ್ರಾವಣದ ಜಾತ್ರೆಯ ತಾರೀಖುಗಳೂ ಪ್ರತಿವರ್ಷ ಸರಿಯುತ್ತವೆ, ಆದರೆ ಅವು ವರ್ಷದ ಗೆರೆ ದಾಟುವುದಿಲ್ಲ. ಎಳ್ಳಮಾಸಿಗೆ ಪೂರ್ತಿ ತಾರೀಖು ಬೇಕೇ ಬೇಕು.

ಹೆಚ್ಚಿನ ಕೆಲಸ ಇರುವುದು ಸ್ಕ್ಯಾನ್ ಮಾಡಿಸಿದ ಹಳೆಯ ಫೋಟೊಗಳಲ್ಲಿ. ಹಿಂಬದಿಯಲ್ಲಿ ಒಂದಕ್ಷರ ಇದ್ದರೂ ಅದನ್ನೂ ಸ್ಕ್ಯಾನ್ ಮಾಡಿ, ಮುಂಬದಿಯ ಹೆಸರನ್ನೇ ಕೊಟ್ಟು ‘ಹಿಂಬದಿ’ ಎಂದು ಸೇರಿಸಿ. ಮದುವೆಯ ಫೋಟೊ ಆದರೆ ಲಗ್ನಪತ್ರಿಕೆ ಹುಡುಕಿ. ಅದರಲ್ಲಿ ತಾರೀಖು ಹರಿದುಹೋಗಿ ಸಂವತ್ಸರದ ಹೆಸರು ಮಾತ್ರ ಉಳಿದಿದ್ದರೂ ಸಾಕು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. 2022–23ರಲ್ಲಿ ಇದ್ದ ಶುಭಕೃತ್ ಸಂವತ್ಸರ ಅದಕ್ಕೆ ಹಿಂದೆ ಬಂದದ್ದು 1962–63ರಲ್ಲಿ. ಮದುಮಗನ ವಯಸ್ಸು ನೋಡಿದರೆ ಯಾವುದೆಂದು ತಿಳಿಯುತ್ತದೆ. ಫೋಟೊದಲ್ಲಿ ತೊಟ್ಟಿಲ ಕೂಸು ಇದ್ದರೆ ಆ ಕೂಸಿನ ಶಾಲೆಯ ದಾಖಲೆಯಿಂದ ವರ್ಷ ಹಿಡಿಯಬಹುದು.

ಬಸವನ ಬಾಗೇವಾಡಿ ಕಡೆಯವರಿಗೆ ಇನ್ನೊಂದು ದೊಡ್ಡ ಗುರುತು ಮುಳುಗಡೆ. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ, ಅಬ್ದುಲ್ ಕಲಾಂ ಅವರು ಅಣೆಕಟ್ಟನ್ನು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ಆ ನಡುವಿನ ವರ್ಷಗಳಲ್ಲಿ ಕೃಷ್ಣೆಯ ದಂಡೆಯ ಊರುಗಳು ಎದ್ದು ಬೇರೆ ಜಾಗಕ್ಕೆ ಹೋದವು. ಹಳೆ ಕೊಲ್ಹಾರ ಹಿನ್ನೀರಿಗೆ ಸೇರಿತು, ಹೊಸ ಕೊಲ್ಹಾರ ಮೇಲೆ ಎದ್ದಿತು. ಹಳೆಯ ಊರಿನ ಕಟ್ಟೆ, ಅಗಸಿ, ಗುಡಿ ಕಾಣುವ ಫೋಟೊ ನಿಮ್ಮ ಬಳಿ ಇದ್ದರೆ ಅದು ಮುಳುಗಡೆಗೆ ಮುಂಚಿನದು ಎಂಬುದು ಖಚಿತ. ಅಂಥ ಫೋಟೊಕ್ಕೆ ಬರೀ ‘ಕೊಲ್ಹಾರ’ ಎಂದು ಬರೆದರೆ ಮುಂದಿನವರು ಈಗಿನ ಊರೆಂದೇ ತಿಳಿಯುತ್ತಾರೆ. ‘ಹಳೆ ಕೊಲ್ಹಾರ’ ಎಂದೇ ಬರೆಯಿರಿ. ಮನೆಯ ಗೋಡೆಯೂ ಉಳಿಯದ ಊರುಗಳಿಗೆ ಈ ಫೋಟೊಗಳೇ ಸಾಕ್ಷಿ. ಅವುಗಳನ್ನು ಅವಸರದಲ್ಲಿ ವಿಂಗಡಿಸಬೇಡಿ ಎಂದು ಕಳಕಳಿಯಿಂದ ಕೇಳುತ್ತೇನೆ.

ವರ್ಷ ಮಾತ್ರ ಗೊತ್ತಿದ್ದರೆ 1978-00-00 ಎಂದಿಡಿ. ಅದು ಆ ವರ್ಷದ ಮೊದಲಿಗೆ ಬಂದು ನಿಲ್ಲುತ್ತದೆ. ಅಂದಾಜಾದರೆ ಹೆಸರಿನಲ್ಲೇ ‘ಸುಮಾರು’ ಎಂದು ಸೇರಿಸಿ. ಎಕ್ಸಿಫ್‌ನಲ್ಲಿ ಸೊನ್ನೆ ತಿಂಗಳು ನಡೆಯುವುದಿಲ್ಲ, ಅಲ್ಲಿ ಜನವರಿ 1 ಹಾಕಬೇಕಾಗುತ್ತದೆ. ಗೊತ್ತಿಲ್ಲದ ದಿನವನ್ನು ಗೊತ್ತಿದ್ದಂತೆ ಬರೆಯುವುದಕ್ಕಿಂತ ‘ಸುಮಾರು’ ಮೇಲು. ಮುಂದೆ ಯಾರಾದರೂ ಲಗ್ನಪತ್ರಿಕೆ ತಂದುಕೊಟ್ಟರೆ ತಿದ್ದಲು ದಾರಿ ಇರುತ್ತದೆ.

ಗೂಗಲ್ ಫೋಟೋಸ್ ಬಳಸುವವರಾದರೆ ಒಂದು ಎಚ್ಚರಿಕೆ. ಅಲ್ಲಿ ತಾರೀಖು ತಿದ್ದಬಹುದು, ಅಲ್ಲಿನ ಸರದಿಯೂ ಸರಿಹೋಗುತ್ತದೆ. ಆದರೆ ಆ ತಿದ್ದುಪಡಿ ಮೂಲ ಫೈಲಿನೊಳಗೆ ಹೋಗುವುದಿಲ್ಲ. ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಂಡರೆ ತಿದ್ದಿದ ತಾರೀಖು, ನೀವು ಬರೆದ ವಿವರಣೆ ಬೇರೊಂದು ಪುಟ್ಟ ಫೈಲಿನಲ್ಲಿ ಬರುತ್ತವೆ, ಫೋಟೊ ಮಾತ್ರ ಹಳೆಯ ತಪ್ಪನ್ನೇ ಹೊತ್ತಿರುತ್ತದೆ. ಆದ್ದರಿಂದ ಕಂಪ್ಯೂಟರಿನಲ್ಲಿ ಮೊದಲು ತಿದ್ದಿ, ಆಮೇಲೆ ಮೇಲಕ್ಕೆ ಏರಿಸಿ. 2021ರ ಜೂನ್‌ನಿಂದ ಅಲ್ಲಿ ಉಚಿತ ಜಾಗ 15 ಜಿಬಿ ಮಾತ್ರ, ಅದೂ ನಿಮ್ಮ ಮೇಲ್‌ಗೂ ಸೇರಿ.

ತಿದ್ದಲು ಶುರುಮಾಡುವ ಮೊದಲು ಈಗ ಇರುವುದನ್ನು ಇದ್ದ ಹಾಗೆಯೇ ಒಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ ತೆಗೆದಿಡಿ. ಕೆಲಸ ಮುಗಿದ ಮೇಲೆ ಪೂರ್ತಿ ಸಂಗ್ರಹದ ಒಂದೊಂದು ಪ್ರತಿ ನಾಲ್ಕೂ ಮನೆಗಳಲ್ಲಿರಲಿ. ಸಿಂದಗಿಯ ಮಗಳಿಗೆ ತನ್ನ ಮನೆಯ ಆಲ್ಬಮ್ ಬೇರೆಯಾಗಿ ಬೇಕೆಂದರೆ ಸಂಗ್ರಹವನ್ನು ಒಡೆಯಬೇಡಿ, ಬೇಕಾದ ಫೋಟೊಗಳ ನಕಲನ್ನು ಅದೇ ಹೆಸರಿನಲ್ಲಿ ಕೊಡಿ.

ಯಾವುದರಿಂದ ಶುರುಮಾಡಬೇಕು ಎಂದರೆ, ಹಳೆಯ ಫೋಟೊಗಳಿಂದಲೇ. ಫೋನಿನಲ್ಲಿ ತೆಗೆದವುಗಳ ತಾರೀಖು ಹತ್ತು ವರ್ಷ ಬಿಟ್ಟು ನೋಡಿದರೂ ಫೈಲಿನೊಳಗೆ ಇರುತ್ತದೆ. ಹಳೆಯವುಗಳ ಕಾಲ ಇರುವುದು ಮನೆಯ ಹಿರಿಯರ ನೆನಪಿನಲ್ಲಿ. ನಾಲ್ಕೂ ಮನೆಯವರು ಕೂಡಿದಾಗ ಟಿವಿಯಲ್ಲಿ ಒಂದೊಂದೇ ಹಾಕಿ ಕೇಳಿ: ಇವರು ಯಾರು, ಯಾರ ಮದುವೆ, ಆಗ ಮಳೆ ಹೇಗಿತ್ತು, ಹಿಂದೆ ಕಾಣುವ ಎತ್ತು ಯಾರದು. ಅವರು ಹೇಳಿದ್ದನ್ನು ಫೋನಿನಲ್ಲಿ ಧ್ವನಿಮುದ್ರಿಸಿ, ಆ ಧ್ವನಿಯ ಫೈಲಿಗೂ ಫೋಟೊದ ಹೆಸರನ್ನೇ ಇಡಿ. ಆಗ ಎಲ್ಲಿಗೆ ನಕಲು ಮಾಡಿದರೂ ಎರಡೂ ಅಕ್ಕಪಕ್ಕದಲ್ಲೇ ಬರುತ್ತವೆ.