ಬಾದಾಮಿಯಿಂದ ಇಳಕಲ್ಲಿಗೆ: ಈ ಹೊತ್ತಿನ ಕಲೆ ನೋಡಹೊರಟವರಿಗೆ

ಬಾಗಲಕೋಟೆ ಜಿಲ್ಲೆಗೆ ಬರುವವರಲ್ಲಿ ಬಹಳಷ್ಟು ಮಂದಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ಮುಗಿಸಿ ಊರಿಗೆ ಮರಳುತ್ತಾರೆ. ಚಾಲುಕ್ಯರ ಕಾಲದ ಕೈಕೆಲಸವನ್ನು ಕಣ್ತುಂಬ ನೋಡಿದವರು, ಅದೇ ಸೀಮೆಯಲ್ಲಿ ಇವತ್ತು ಕೆಲಸ ಮಾಡುತ್ತಿರುವ ಕೈಗಳನ್ನು ನೋಡದೆ ಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ಬೆಂಗಳೂರಿನಂತೆ ಬಿಳಿಗೋಡೆಯ ಗ್ಯಾಲರಿಗಳನ್ನು ಹುಡುಕಿಕೊಂಡು ಇಲ್ಲಿಗೆ ಬರಬೇಡಿ. ಇಲ್ಲಿನ ಕಲೆ ನೇಕಾರರ ಮನೆಯಲ್ಲಿ, ಜಾತ್ರೆಯ ನಾಟಕದ ಪರದೆಯ ಮೇಲೆ, ಎರಡು-ಮೂರು ದಿನಕ್ಕೆಂದು ತೆರೆದ ಕಾಲೇಜಿನ ಸಭಾಂಗಣದಲ್ಲಿ ಸಿಗುತ್ತದೆ. ಅದಕ್ಕೆ ಕನಿಷ್ಠ ಎರಡು ದಿನ ಕೊಡಿ. ನವೆಂಬರಿನಿಂದ ಫೆಬ್ರುವರಿವರೆಗೆ ಓಡಾಟ ಹಿತ; ಬೇಸಿಗೆಯಲ್ಲಿ ಬಾದಾಮಿಯ ಬಂಡೆ ಕಾದು ನಿಲ್ಲಗೊಡುವುದಿಲ್ಲ.

ಮೊದಲ ದಿನ ಬಾದಾಮಿಯಲ್ಲೇ ಇರಲಿ. ರೈಲು ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರ, ಆಟೊಗಳು ಸಿಗುತ್ತವೆ. ಇಲ್ಲಿನ ಗುಹಾಲಯಗಳಲ್ಲಿ ಮೂರನೆಯದರಲ್ಲಿ ಚಾಲುಕ್ಯ ಮಂಗಲೇಶನ ಕ್ರಿ.ಶ. 578ರ ಶಾಸನವಿದೆ. ಅಲ್ಲಿ ಎಲ್ಲರೂ ಶಿಲ್ಪದ ಮುಂದೆ ನಿಲ್ಲುತ್ತಾರೆ, ನೀವು ಕತ್ತೆತ್ತಿ ಮುಂಚಾಚಿನ ಒಳಬಾಗಿನಲ್ಲಿ ಉಳಿದಿರುವ ಬಣ್ಣವನ್ನು ಹುಡುಕಿ. ಮಾಸಿದ ಭಿತ್ತಿಚಿತ್ರದ ತುಣುಕುಗಳವು. ಸಣ್ಣ ದುರ್ಬೀನು ಇದ್ದರೆ ಒಳ್ಳೆಯದು, ಫ್ಲಾಶ್ ಮಾತ್ರ ಬೇಡ. ಕೈಯಲ್ಲಿ ತಿಂಡಿಯ ಚೀಲವಿದ್ದರೆ ಕೋತಿಗಳು ಬಿಡುವುದಿಲ್ಲ. ಅಗಸ್ತ್ಯತೀರ್ಥ ಕೆರೆಯ ಆಚೆ ದಡದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಚಿಕ್ಕದು, ಆದರೆ ಲಜ್ಜಾಗೌರಿಯ ಮೂರ್ತಿಯೊಂದಕ್ಕಾಗಿಯೇ ಅಲ್ಲಿಗೆ ಹೋಗಬಹುದು. ಹತ್ತಿರದ ಶಿಡ್ಲಫಡಿಯ ಆದಿಮಾನವರ ಗುಹೆಯ ಮಾದರಿಯೂ ಅಲ್ಲಿದೆ. ಶುಕ್ರವಾರ ರಜೆ, ಪ್ರವಾಸದ ದಿನ ಗೊತ್ತುಮಾಡುವ ಮೊದಲೇ ಇದನ್ನು ನೆನಪಿಡಿ.

ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿ, ಕರ್ನಾಟಕದ ಎಷ್ಟೋ ಕಲಾವಿದರನ್ನು ಬೆಳೆಸಿದ ಆರ್.ಎಂ. ಹಡಪದ ಅವರು ಇದೇ ಬಾದಾಮಿಯವರು. ಕೆಂಪುಬಂಡೆಯ ಈ ಊರನ್ನು ನೋಡಿ ಹೋದ ಮೇಲೆ ಅವರ ಕೃತಿಗಳು ಎಲ್ಲಾದರೂ ಕಂಡರೆ ತಪ್ಪದೆ ನಿಂತು ನೋಡಿ.

ಬನದ ಹುಣ್ಣಿಮೆಯ ಹೊತ್ತಿಗೆ, ಅಂದರೆ ಹೆಚ್ಚಾಗಿ ಜನವರಿಯಲ್ಲಿ ಬಂದರಂತೂ ಸಂಜೆಗೆ 5 ಕಿ.ಮೀ. ದೂರದ ಬನಶಂಕರಿಗೆ ಹೋಗಲೇಬೇಕು. ರಥೋತ್ಸವ ಮುಗಿದ ಮೇಲೂ ವಾರಗಟ್ಟಲೆ ಜಾತ್ರೆ ನಡೆದಿರುತ್ತದೆ, ನಾಟಕ ಕಂಪನಿಗಳು ಡೇರೆ ಹೂಡಿರುತ್ತವೆ. ನಾಟಕ ಶುರುವಾಗುವ ಮುಂಚೆಯೇ ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ಪರದೆ ನೋಡಿ. ಅರಮನೆ, ಕಾಡು, ಬೀದಿ ಎಲ್ಲವೂ ದೊಡ್ಡ ಬಟ್ಟೆಯ ಮೇಲೆ ಕುಂಚದಲ್ಲಿ ಮೂಡುತ್ತಿದ್ದ ಕಾಲ ಹಿಂದೆ ಸರಿಯುತ್ತಿದೆ, ಫ್ಲೆಕ್ಸ್ ಆ ಜಾಗಕ್ಕೆ ಬರುತ್ತಿದೆ. ಕೈಯಿಂದ ಬರೆದ ಪರದೆ ಕಂಡರೆ ಬರೆದವರು ಯಾರೆಂದು ಕೇಳಿ. ಆ ಹೆಸರು ಜಾಹೀರಾತಿನಲ್ಲಿ ಇರುವುದಿಲ್ಲ. ಅದೇ ಜಾತ್ರೆಯಲ್ಲಿ ಮಾರಾಟಕ್ಕಿಡುವ ಬಾಗಿಲು, ಚೌಕಟ್ಟುಗಳ ಕೆತ್ತನೆಯೂ ನೋಡುವಂಥದ್ದು.

ಬಾಗಲಕೋಟೆಯಲ್ಲಿ ಚಿತ್ರಪ್ರದರ್ಶನ ನೋಡಬೇಕೆಂದರೆ ಮೊದಲೇ ವಿಚಾರಿಸಿಕೊಂಡು ಹೋಗಬೇಕು. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಿದ ಮೇಲೆ ಎದ್ದ ನವನಗರದಲ್ಲಿ ಸೆಕ್ಟರ್ ಸಂಖ್ಯೆಯೇ ವಿಳಾಸ, ಅದನ್ನು ಬರೆದಿಟ್ಟುಕೊಳ್ಳಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಬಹುದು, ಪತ್ರಿಕೆಗಳ ಜಿಲ್ಲಾ ಪುಟ ನೋಡಬಹುದು. ಎಲ್ಲಕ್ಕಿಂತ ನಂಬಿಗಸ್ತರು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ಊರಲ್ಲಿ ಯಾರು ಚಿತ್ರ ಬರೆಯುತ್ತಾರೆ, ಯಾರ ಮನೆಯಲ್ಲಿ ನೋಡಲು ಸಿಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಹೋಳಿಯ ದಿನಗಳಲ್ಲಿ ಬಂದರೆ ಸೋಗಿನ ಬಂಡಿಗಳನ್ನು ನೋಡಿ: ವೇಷ ಕಟ್ಟಿ ಬಂಡಿಯ ಮೇಲೆ ದೃಶ್ಯವನ್ನೇ ನಿಲ್ಲಿಸುವ ಈ ಕಲೆಗೆ ಬೀದಿಯೇ ಪ್ರದರ್ಶನಾಲಯ. ಹಳೆಯ ಬಟ್ಟೆ ತೊಟ್ಟು ಬನ್ನಿ, ಬಣ್ಣ ತಪ್ಪದು.

ಎರಡನೆಯ ದಿನ ಪೂರ್ತಿ ಇಳಕಲ್ಲಿಗೆ. ಬಾಗಲಕೋಟೆಯಿಂದ ಹುನಗುಂದ ದಾಟಿ ಹೋಗುವ ಬಸ್ಸು ಹತ್ತಿ. ಬಸ್ ನಿಲ್ದಾಣದ ಸುತ್ತಲಿನ ಸೀರೆ ಅಂಗಡಿಗಳಿಗೆ ಕೊನೆಗೆ ಬಂದರಾಯಿತು. ಮೊದಲು ನೇಕಾರರ ಓಣಿಗೆ ನಡೆಯಿರಿ. ಮಗ್ಗದ ಸದ್ದೇ ದಾರಿ ತೋರಿಸುತ್ತದೆ. ಪವರ್‌ಲೂಮಿನದು ಒಂದೇ ಸಮನೆ ಬಡಿಯುವ ಗದ್ದಲ, ಕೈಮಗ್ಗದ್ದು ನಡುನಡುವೆ ಉಸಿರು ತೆಗೆದುಕೊಳ್ಳುವ ಲಯ. ಬಾಗಿಲಲ್ಲಿ ನಿಂತು "ಮಗ್ಗ ನೋಡಬಹುದೇನ್ರಿ?" ಎಂದು ಕೇಳಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ. ನೇಕಾರರು ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿರುತ್ತಾರೆ. ನೀವು ನೆಲದ ಮೇಲೆ ಕೂತರೆ ಕೆಲಸ ಅವರ ಕಣ್ಣಿನ ಮಟ್ಟದಲ್ಲೇ ಕಾಣುತ್ತದೆ.

ನೋಡಬೇಕಾದ್ದು ಕೊಂಡಿ. ಇಳಕಲ್ ಸೀರೆಯ ಒಡಲಿನ ಹಾಸು ಒಂದು, ಸೆರಗಿನ ರೇಷ್ಮೆ ಹಾಸು ಇನ್ನೊಂದು. ಇವೆರಡರ ಎಳೆಗಳನ್ನು ಕುಣಿಕೆ ಹಾಕಿ ಒಂದಕ್ಕೊಂದು ಸಿಕ್ಕಿಸುತ್ತಾರೆ. ಪ್ರತಿ ಸೀರೆಗೂ ಈ ಕೆಲಸ ಹೊಸದಾಗಿ ನಡೆಯಬೇಕು. ಸೆರಗು ಶುರುವಾಗುವ ಕಡೆ ಬಟ್ಟೆ ತಿರುವಿ ನೋಡಿದರೆ ಸಣ್ಣ ಕುಣಿಕೆಗಳ ಸಾಲು ಕಾಣುತ್ತದೆ. ಅಂಗಡಿಯಲ್ಲಿ ಕೊಳ್ಳುವಾಗಲೂ ಮೊದಲು ಇದನ್ನೇ ಹುಡುಕಿ. ಆಮೇಲೆ ತೋಪು ತೆನೆ ಸೆರಗು: ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ, ಅಂಚಿನಲ್ಲಿ ಜೋಳದ ತೆನೆಯ ಸಾಲು. ಇಷ್ಟು ಬಿಗಿಯಾದ ಬಣ್ಣದ ಸಂಯೋಜನೆಯನ್ನು ಕ್ಯಾನ್ವಾಸಿನ ಮೇಲೆ ನಾನು ಕಂಡದ್ದು ಅಪರೂಪ. ಗೋಮಿ, ಪರಾಸಪೇಟ, ಗಾಡಿ ದಡಿಗಳನ್ನು ಬಿಚ್ಚಿ ತೋರಿಸಲು ಹೇಳಿ. ಕಸೂತಿಯ ಸೀರೆ ಸಿಕ್ಕರೆ ಗವಂತಿ ಹೊಲಿಗೆಯ ಹಿಂಬದಿಯನ್ನು ನೋಡಿ: ಗಂಟಿಲ್ಲ, ಎರಡೂ ಬದಿ ಒಂದೇ ತೆರ.

ಫೋಟೊ ತೆಗೆಯುವ ಮೊದಲು ಕೇಳಿ. ಹೊಸ ವಿನ್ಯಾಸ ಮಗ್ಗದ ಮೇಲಿದ್ದರೆ ಬೇಡವೆನ್ನುವ ಹಕ್ಕು ಅವರಿಗಿದೆ. ಮಗ್ಗದ ಮನೆಯಲ್ಲಿ ಕೊಂಡರೆ ಚೌಕಾಶಿ ಮಾಡಬೇಡಿ. ನೇಯ್ಗೆಗೆ ಎಷ್ಟು ದಿನ ಹಿಡಿಯಿತು ಎಂದು ಕೇಳಿ, ಬೆಲೆಯನ್ನು ಆ ದಿನಗಳಿಂದ ಭಾಗಿಸಿದರೆ ಏಕೆಂದು ತಿಳಿಯುತ್ತದೆ. ಕೊಳ್ಳದಿದ್ದರೂ ಸಂಕೋಚ ಬೇಡ, ಕೂತು ವಿವರ ಕೇಳುವವರನ್ನು ಇಲ್ಲಿ ಯಾರೂ ಬೇಗ ಎಬ್ಬಿಸುವುದಿಲ್ಲ.

ಇನ್ನೂ ಅರ್ಧ ದಿನ ಉಳಿದರೆ ಕುಪ್ಪಸದ ಬಟ್ಟೆಯಾದ ಖಣಕ್ಕೆ ಹೆಸರಾದ ಗುಳೇದಗುಡ್ಡಕ್ಕೆ ಹೋಗಿ, ಬಾದಾಮಿಯಿಂದ ಹತ್ತಿರ. ಇಳಕಲ್ಲಿನಲ್ಲಿ ರೈಲಿಲ್ಲವಾದ್ದರಿಂದ ಮರಳುವ ಕೊನೆಯ ಬಸ್ಸಿನ ಹೊತ್ತನ್ನು ಇಳಿದ ಕೂಡಲೇ ಕೇಳಿಟ್ಟುಕೊಳ್ಳಿ. ಸ್ವಂತ ವಾಹನದವರು ಹಿಂದಿರುಗುವಾಗ ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಬಹುದು.