ಹೆಸರಿನ ನಡುವಣ ಹೆಸರು



ಶಾಲಾ ಪ್ರವೇಶದ ದಿನಗಳಲ್ಲಿ ಪಾಲಕರೊಬ್ಬರು ನಮ್ಮಲ್ಲಿಗೆ ಬಂದು ಒಂದು ಬೇಡಿಕೆಯನ್ನು ಮುಂದಿಟ್ಟರು. "ಗುರುಗಳೇ, ಮನೆಯಲ್ಲಿ ಗಂಡುಮಗು ಹುಟ್ಟಿದೆ. ಸಿದ್ಧರಾಮನೆಂದೇ ಹೆಸರಿಡಬೇಕೆಂದು ಹಿರಿಯರ ಇಚ್ಛೆ. ಆದರೆ ನಿಮ್ಮ ಶಾಲೆಯಲ್ಲಿಯೇ ನಾಲ್ವರು ಸಿದ್ಧರಾಮರಿದ್ದಾರೆ. ಆದ್ದರಿಂದ ನಡುವೆ ಸೇರಿಸಲು, ಊರಲ್ಲಿ ಯಾರಿಗೂ ಇರದಂಥ ಹೆಸರೊಂದನ್ನು ಹುಡುಕಿ ಕೊಡಬೇಕು" ಎಂದರು.

ಸೊಲ್ಲಾಪುರವು ಹನ್ನೆರಡನೆಯ ಶತಮಾನದ ಶಿವಯೋಗಿ ಸಿದ್ಧರಾಮೇಶ್ವರರ ಊರು. ಈ ಸೀಮೆಯಲ್ಲಿ ಮನೆಗೊಬ್ಬ ಸಿದ್ಧರಾಮನಿದ್ದರೂ ಆಶ್ಚರ್ಯವಿಲ್ಲ. ಆದರೂ ಆ ತಂದೆಯ ಪ್ರಶ್ನೆ ನಮ್ಮನ್ನು ವಿಚಾರಕ್ಕೆ ಹಚ್ಚಿತು. ಹೆಸರಿನ ನಡುವಣ ಸ್ಥಾನವು ಯಾರದು? ಅಲ್ಲಿ ಏನನ್ನು ಇಡಬೇಕು? ಇದನ್ನು ನಾವೆಲ್ಲರೂ ಕೂಡಿ ತಿಳಿದುಕೊಳ್ಳುವದು ಒಳ್ಳೆಯದು.

ಹೆಸರು ಬರೆಯುವ ಪದ್ಧತಿ ಎಲ್ಲ ಕಡೆಗೂ ಒಂದೇ ಆಗಿಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಹೆಸರಿನಲ್ಲಿ ಮೊದಲು ಊರು, ಆಮೇಲೆ ತಂದೆ, ಕೊನೆಗೆ ಸ್ವಂತದ ಹೆಸರು. ಕಾಸರಗೋಡು ಸೀಮೆಯ ಮಂಜೇಶ್ವರ ಗೋವಿಂದ ಪೈಗಳು ಮೊದಲಲ್ಲಿ ಊರನ್ನೂ ಕೊನೆಯಲ್ಲಿ ಮನೆತನವನ್ನೂ ಹೊತ್ತವರು. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗಗಳಲ್ಲಿಯೂ ಧಾರವಾಡದ ಕಡೆಗೂ ಮೊದಲು ಸ್ವಂತದ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಎಂಬಲ್ಲಿ ರಾಮಚಂದ್ರರು ಕವಿಯ ತಂದೆ. ಹೀಗೆ ನಮ್ಮಲ್ಲಿ ನಡುವಣ ಹೆಸರು ಅಲಂಕಾರಕ್ಕಾಗಿ ಬಂದದ್ದಲ್ಲ, "ನೀನು ಯಾರ ಮಗು?" ಎಂಬ ಪ್ರಶ್ನೆಗೆ ಅದು ಉತ್ತರ. ನಾಲ್ವರು ಸಿದ್ಧರಾಮರನ್ನು ನಾವು ಹಾಜರಿ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಗುರುತಿಸುವದೂ ಇದರಿಂದಲೇ.

ಇನ್ನು ತಾಯಿಯ ವಿಷಯ. ಆಕೆಯ ಹೆಸರಿಗೆ ಸ್ಥಾನವೇ ಇರಲಿಲ್ಲವೆಂದು ತಿಳಿಯಬೇಡಿರಿ. ಶಾತವಾಹನರಲ್ಲಿ ಹೆಸರಾದ ಅರಸನು ಗೌತಮೀಪುತ್ರ ಶಾತಕರ್ಣಿ, ಎಂದರೆ ಗೌತಮಿಯ ಮಗ. ಅವನ ತಾಯಿ ಗೌತಮೀ ಬಾಲಶ್ರೀಯ ಶಾಸನವು ನಾಸಿಕದ ಗುಹೆಯಲ್ಲಿದೆ. ಬನವಾಸಿಯ ಕದಂಬರೂ ಬಾದಾಮಿಯ ಚಾಲುಕ್ಯರೂ ತಮ್ಮ ಶಾಸನಗಳಲ್ಲಿ ತಮ್ಮನ್ನು ಹಾರಿತೀಪುತ್ರರೆಂದು ಕರೆದುಕೊಂಡರು. ನಮ್ಮ ಕಾಲಕ್ಕೆ ಸಮೀಪದ ನಿದರ್ಶನ ಬೇಂದ್ರೆಯವರದೇ. 1944ರಿಂದ 1956ರ ವರೆಗೆ ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದ ಈ ಕವಿ ದಾಖಲೆಯಲ್ಲಿ ತಂದೆಯ ಹೆಸರನ್ನು ಇಟ್ಟುಕೊಂಡರು. ಕಾವ್ಯಕ್ಕೆ ಮಾತ್ರ ತಾಯಿಯ ಹೆಸರನ್ನು ಆರಿಸಿಕೊಂಡರು. ಅಂಬಿಕಾತನಯದತ್ತ, ಎಂದರೆ ಅಂಬಿಕೆಯ ಮಗ ದತ್ತ.

ಕವಿಯು ಸ್ವಂತ ಇಚ್ಛೆಯಿಂದ ಮಾಡಿದ್ದು ಈಗ ನಮ್ಮ ರಾಜ್ಯದಲ್ಲಿ ಎಲ್ಲರಿಗೂ ನಿಯಮವಾಗಿದೆ. ಮಹಾರಾಷ್ಟ್ರ ಸರಕಾರವು 2024ರ ಮಾರ್ಚಿಯಲ್ಲಿ ಕೈಕೊಂಡ ನಿರ್ಣಯದಂತೆ, ಆ ವರ್ಷದ ಮೇ 1ರಂದು ಮತ್ತು ಅನಂತರ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಈ ಕ್ರಮದಿಂದ ಬರೆಯಬೇಕು: ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು. ನಡುವಣ ಸ್ಥಾನದಲ್ಲಿ ಈಗ ಇಬ್ಬರಿದ್ದಾರೆ. ಅವರ ನಡುವೆ ಮೂರನೆಯದೊಂದು ಹೊಸ ಹೆಸರನ್ನು ತೂರಿಸಿದರೆ, ಮುಂದೆ ಅರ್ಜಿಯ ಮನೆಗಳನ್ನು ತುಂಬುವಾಗ ಒಬ್ಬ ಗುಮಾಸ್ತನು ತಾಯಿಯನ್ನು ಬಿಡುವನು, ಇನ್ನೊಬ್ಬನು ತಂದೆಯನ್ನು ಬಿಡುವನು. ಅಪೂರ್ವವಾದ ಹೆಸರನ್ನು ಇಡಲೇಬೇಕೆಂಬವರು ಅದನ್ನು ಮಗುವಿನ ಸ್ವಂತದ ಹೆಸರಾಗಿ ಮೊದಲ ಸ್ಥಾನದಲ್ಲಿಯೇ ಇಡುವದು ಯೋಗ್ಯ.

ತಾಯಿಯ ಹೆಸರನ್ನು ಬರೆಯಿಸುವಲ್ಲಿಯೂ ಎಚ್ಚರ ಬೇಕು. ಈ ಭಾಗದ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ಸೊಸೆಗೆ ಹೊಸ ಹೆಸರನ್ನಿಡುವ ರೂಢಿಯುಂಟು. ತವರುಮನೆಯಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಆಕೆಯ ಶಾಲೆಯ ದಾಖಲೆಯಲ್ಲಿ ಯಾವುದಿದೆ, ಆಧಾರ್ ಪತ್ರದಲ್ಲಿ ಯಾವುದಿದೆ ಎಂಬುದನ್ನು ಮೊದಲು ನೋಡಿ, ಎರಡನ್ನೂ ಸರಿಪಡಿಸಿಕೊಂಡು, ಒಂದೇ ಹೆಸರನ್ನು ಮಗುವಿಗೆ ಬರೆಯಿಸಬೇಕು. ಯಾವ ಹೆಸರು ಬೇಕೆಂಬುದನ್ನು ಸ್ವತಃ ಆಕೆಯನ್ನು ಕೇಳಿರಿ.

ತಂದೆಯ ಹೆಸರಿಗೂ ಇದೇ ಮಾತು. ಮನೆಯಲ್ಲಿ ಬಸಣ್ಣ, ಹೊಲದ ಉತಾರದಲ್ಲಿ ಬಸಪ್ಪ, ಶಾಲೆಯ ಜನರಲ್ ರಜಿಸ್ಟರಿನಲ್ಲಿ ಬಸವರಾಜ ಎಂದಿದ್ದರೆ, ಒಬ್ಬನೇ ಮನುಷ್ಯನು ಕಾಗದದ ಮೇಲೆ ಮೂವರಾಗುತ್ತಾನೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇದೇ ಕಾರಣದಿಂದ ಶಿಷ್ಯವೇತನಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದು, ತಿಂಗಳುಗಟ್ಟಲೆ ಕಾಲ ಕಳೆದುದನ್ನು ನಾವು ಕಂಡಿದ್ದೇವೆ.

ಗಡಿಯಲ್ಲಿರುವ ನಮಗೆ ಲಿಪಿಯದೂ ಒಂದು ತೊಡಕು. ಹೆಸರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಮುಂದೆ ಇಂಗ್ಲಿಷ್. ಮರಾಠಿಯ ಬರವಣಿಗೆಯಲ್ಲಿ ಹ್ರಸ್ವವಾದ ಎ, ಒ ಅಕ್ಷರಗಳಿಗೆ ಬೇರೆ ಚಿಹ್ನೆಯಿಲ್ಲ. ಹೊನ್ನಮ್ಮನು ಅಲ್ಲಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಹೋನ್ನಮ್ಮಾ ಆಗಿರುತ್ತಾಳೆ. ಅದಕ್ಕೆ ಅಂಜಿ ಹೊನ್ನಮ್ಮನ ಹೆಸರನ್ನು ಬಿಡಬೇಕಾಗಿಲ್ಲ. ಮೂರೂ ಲಿಪಿಗಳಲ್ಲಿ ಹೇಗೆ ಬರೆಯಬೇಕೆಂಬುದನ್ನು ಒಂದು ಕಾಗದದ ಮೇಲೆ ನಿರ್ಧರಿಸಿ, ಎಲ್ಲ ಕಡೆಗೂ ಅದನ್ನೇ ತೋರಿಸಿದರೆ ಸಾಕು.

ಹುಟ್ಟಿದ ಸುದ್ದಿಯನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಗ ಹೆಸರು ನಿಶ್ಚಯವಾಗಿರದಿದ್ದರೆ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಜನನದ ಪ್ರಮಾಣಪತ್ರವೇ ಶಾಲಾಪ್ರವೇಶ ಮುಂತಾದವುಗಳಿಗೆ ಆಧಾರ. ತೊಟ್ಟಿಲ ಕಾರ್ಯದಲ್ಲಿ ಸೋದರತ್ತೆಯು ಕಿವಿಯಲ್ಲಿ ಉಸುರಿದ ಹೆಸರೇ ಆ ಪತ್ರದಲ್ಲಿಯೂ ಇರಲಿ.

ಈಚೆಗೆ ಐದನೆಯ ಇಯತ್ತೆಯಲ್ಲಿ ತಾಯಂದಿರ ಹೆಸರನ್ನು ಬರೆಯಲು ಹೇಳಿದೆವು. ಕೆಲವರು ತಡವಿಲ್ಲದೆ ಬರೆದರು. ಇಬ್ಬರು "ಅವ್ವ" ಎಂದಷ್ಟೇ ಬರೆದು ಸುಮ್ಮನಾದರು. ಅವರಿಗೆ ಬೇರೆ ಹೆಸರು ಗೊತ್ತಿರಲಿಲ್ಲ. ಮರುದಿನ ಕೇಳಿಕೊಂಡು ಬಂದು, ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಿದರು. ಆ ತಂದೆ ಕೇಳಿದ ಅಪೂರ್ವವಾದ ಹೆಸರು ಇದೇ ಎಂದು ನಮಗೆ ಆಗ ಹೊಳೆಯಿತು. ಅದನ್ನೇ ಅವರಿಗೆ ಹೇಳಿ ಕಳುಹಿಸಿದೆವು. ಮನೆಯವರನ್ನು ಕೇಳಿ ಬರೆಯಿಸುವದಾಗಿ ಒಪ್ಪಿದ್ದಾರೆ.

ಅಭ್ಯಾಸ

1. ನಿಮ್ಮ ಪೂರ್ಣ ಹೆಸರನ್ನು ತಾಯಿಯ ಹೆಸರು ಸಹಿತವಾಗಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ಬರೆಯಿರಿ.
2. ನಿಮ್ಮ ತಾಯಿಗೆ ಆ ಹೆಸರನ್ನು ಯಾರು, ಏಕೆ ಇಟ್ಟರೆಂಬುದನ್ನು ಕೇಳಿ ತಿಳಿದು, ಐದು ವಾಕ್ಯಗಳಲ್ಲಿ ಬರೆಯಿರಿ.
3. ಮನೆಯ ದಾಖಲೆಗಳಲ್ಲಿ ತಂದೆಯ ಹೆಸರು ಎಷ್ಟು ರೂಪಗಳಲ್ಲಿದೆ? ಪಾಲಕರೊಡನೆ ಕುಳಿತು ಪಟ್ಟಿ ಮಾಡಿರಿ.